ಒಂಟಿಗಾಲಿಯ ಸವಾರನಿಗೆ ಕೈಗಾಪು

ಉತ್ತರಕನ್ನಡ ಜಿಲ್ಲೆಯೆಂದೊಡನೆ ವಾಚಕರಲ್ಲಿ ಬಹುಮಂದಿಗೆ ಕಾರವಾರದ ಕಡಲು, ಗೋಕರ್ಣದ ತೇರು, ಶಿರಸಿಯ ಅಡಕೆಯ ತೋಟ ಇವೇ ನೆನಪಿಗೆ ಬರುವುವು. ಅದೇ ಜಿಲ್ಲೆಯ ಉತ್ತರ ಪೂರ್ವದ ಅಂಚುಗಳಲ್ಲಿ, ಧಾರವಾಡ ಹುಬ್ಬಳ್ಳಿಗಳ ಬಯಲು ಮುಗಿದು ಸಹ್ಯಾದ್ರಿಯ ಕಾಡು ತೊಡಗುವೆಡೆಯಲ್ಲಿ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲ್ಲೂಕುಗಳಿರುವುವು. ಇವುಗಳಲ್ಲಿ ದಾಂಡೇಲಿಯು ಹಳಿಯಾಳದಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದದ್ದು ಈಚೆಗೆ. ಹುಲಿಯ ಕಾಡನ್ನೂ ಕಾಳಿಯ ಹೊಳೆಯನ್ನೂ ಮಂಗಟ್ಟೆ ಹಕ್ಕಿಗಳನ್ನೂ ನೋಡಲು ಇಲ್ಲಿಗೆ ಬರುವವರು ಬಹಳ. ಕಳೆದ ದೀಪಾವಳಿಯ ರಜೆಯಲ್ಲಿ ನಾವು ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿದ್ದು ಮಾತ್ರ ಬೇರೊಂದು ಕೆಲಸಕ್ಕಾಗಿ: ಹನ್ನೆರಡು ವರ್ಷದ ಹುಡುಗನೊಬ್ಬನ ಮಣಿಕಟ್ಟಿಗೆ ತಕ್ಕ ಕಾಪೊಂದನ್ನು ಆರಿಸುವುದಕ್ಕಾಗಿ. ಕೆಲಸ ಚಿಕ್ಕದು, ಸುತ್ತಾಟ ದೊಡ್ಡದು ಎಂದು ಕೆಲವರು ನಗಬಹುದು. ಮನೆಯಲ್ಲಿ ಆಡುವ ಮಕ್ಕಳಿರುವವರು ನಗಲಾರರೆಂದು ನಂಬಿ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮಗಳನ್ನು ದಾಂಡೇಲಿಗೆ ಕೊಟ್ಟಿದೆ. ಅವಳ ಮೈದುನನು ಪುಣೆಯಿಂದ ಬರುವಾಗ ಅಣ್ಣನ ಮಗನಿಗೆಂದು ಒಂಟಿಗಾಲಿಯ ಸೈಕಲ್ಲೊಂದನ್ನು ತಂದನು. ಸರ್ಕಸ್ಸಿನಲ್ಲಿ ವಿದೂಷಕರು ಅದನ್ನೇರಿ ತಿರುಗುವುದನ್ನು ಕಂಡವರಿಗೆ ಅದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಒಂದು ಗಾಲಿ, ಅದರ ಮೇಲೊಂದು ಕಂಬ, ಕಂಬದ ತುದಿಯಲ್ಲಿ ಸೀಟು. ಹಿಡಿಯಲು ಹ್ಯಾಂಡಲಿಲ್ಲ, ಸರಪಳಿಯಿಲ್ಲ, ಬಹುಮಟ್ಟಿಗೆ ಬ್ರೇಕೂ ಇಲ್ಲ. ಪೆಡಲುಗಳು ಗಾಲಿಯ ಅಚ್ಚಿಗೇ ಬಿಗಿದಿರುವುದರಿಂದ ಕಾಲು ತಿರುಗಿದಷ್ಟೇ ಗಾಲಿ ತಿರುಗುವುದು. ಕಾಲು ನಿಂತರೆ ಗಾಲಿಯೂ ನಿಲ್ಲುವುದು. ಆದರೆ ಗಾಲಿ ನಿಂತ ಮಾತ್ರಕ್ಕೆ ಮೈ ನಿಲ್ಲದು; ಅದು ಮುಂದಕ್ಕೆ ಹೋಗುತ್ತಲೇ ಇರುವುದು. ಆಗ ಕಾಲಿಗೆ ನೆಲ ಸಿಕ್ಕಿದರೆ ನಾಲ್ಕು ಹೆಜ್ಜೆ ಓಡಿ ನಿಲ್ಲಬಹುದು. ಸಿಕ್ಕದಿದ್ದರೆ ಅಂಗೈಯೇ ಮೊದಲು ನೆಲವನ್ನು ಮುಟ್ಟುವುದು.

ಶ್ರಾವಣದ ಒಂದು ಸಂಜೆ ಹಾಗೆಯೇ ಆಯಿತು. ಹುಡುಗನ ಬಲಗೈ ಮಣಿಕಟ್ಟಿನ ಬಳಿ ಮೂಳೆ ಬಿರುಕುಬಿಟ್ಟು, ಆರು ವಾರ ಪ್ಲಾಸ್ಟರಿನಲ್ಲಿತ್ತು. ಬರೆಯುವ ಕೈಯೇ ಅದಾದುದರಿಂದ ಅರ್ಧವಾರ್ಷಿಕ ಪರೀಕ್ಷೆಯೂ ತಪ್ಪಿತು. ಮಗಳು ಸೈಕಲ್ಲನ್ನು ಅಟ್ಟಕ್ಕೆ ಹಾಕಿದಳು. ಆದರೆ ಪ್ಲಾಸ್ಟರು ಬಿಚ್ಚಿದ ಎರಡೇ ವಾರಕ್ಕೆ, ಆಕೆ ಪೇಟೆಗೆ ಹೋದ ಹೊತ್ತು ನೋಡಿ, ಹುಡುಗನು ಅದನ್ನು ಇಳಿಸಿ ಹಿತ್ತಲಲ್ಲಿ ಕದ್ದು ಏರುತ್ತಿದ್ದನೆಂಬುದು ನೆರೆಯವರಿಂದ ತಿಳಿದುಬಂದಿತು. ಕೈಗೆ ಬಟ್ಟೆಯ ಚೂರೂ ಇರಲಿಲ್ಲ.

ನಾವು ಹೋದ ದಿನ ರಾತ್ರಿ ಊಟವಾದ ಮೇಲೆ ಇದೇ ಮಾತು ಬಂದಿತು. “ಅದನ್ನ ಯಾರಿಗಾದ್ರೂ ಕೊಟ್ಟುಬಿಡೂಣಪ್ಪಾ” ಎಂದಳು ಮಗಳು. “ನೀವು ಬಂದಾಗೊಮ್ಮೆ ಅವಗ ಹುರುಪು ಕೊಟ್ಟು ಧಾರವಾಡಕ್ಕ ಹೋಗ್ತೀರಿ. ಮುರದ ಮ್ಯಾಲೆ ರಾತ್ರಿಯೆಲ್ಲಾ ಕೂಡಾಕಿ ನಾನು.” ಆಕೆಯ ಮಾತು ಸುಳ್ಳಲ್ಲ. ಆದರೂ ಕೊಟ್ಟುಬಿಟ್ಟರೆ ತೀರಿತೆಂದು ನಮಗೆ ತೋರಲಿಲ್ಲ. ಮೂವತ್ತೈದು ವರ್ಷ ಮಕ್ಕಳ ನಡುವೆ ಕಳೆದವರಾದುದರಿಂದ, ಬೇಡವೆಂದ ಆಟವನ್ನು ಹುಡುಗರು ಬಿಡುವುದಕ್ಕಿಂತ ಮರೆಯಲ್ಲಿ ಆಡುವುದೇ ಹೆಚ್ಚೆಂಬುದನ್ನು ಬಲ್ಲೆವು. ಮರೆಯಲ್ಲಿ ಬಿದ್ದವನನ್ನು ಎತ್ತುವವರೂ ಇರುವುದಿಲ್ಲ. ಆದಕಾರಣ ನಾಲ್ಕು ಕಡೆ ವಿಚಾರಿಸಿ ಬರುವೆವು, ಆಮೇಲೆ ನಿನ್ನ ಮಾತಿನಂತೆಯೇ ಆಗಲಿ ಎಂದು ಒಪ್ಪಿಸಿದೆವು.

ಸಂಸ್ಕೃತ ಬಲ್ಲವರಿಗೆ ಒಂಟಿಗಾಲಿಯ ವಾಹನವು ಹೊಸತೇನಲ್ಲ. ಸೂರ್ಯನ ರಥಕ್ಕೆ ಚಕ್ರವೊಂದೇ. ಸಾರಥಿಯಾದ ಅರುಣನಿಗೆ ತೊಡೆಗಳೂ ಇಲ್ಲ. ಆದರೂ ಆತನು ದಿನವೂ ಆಕಾಶವನ್ನು ದಾಟುವನಾದುದರಿಂದ, ಮಹಾತ್ಮರ ಸಿದ್ಧಿಯು ಅವರ ಸತ್ತ್ವದಲ್ಲಿರುವುದಲ್ಲದೆ ಉಪಕರಣದಲ್ಲಿಲ್ಲವೆಂದು ಸುಭಾಷಿತಕಾರರು ಹೇಳುವುದುಂಟು. ಆ ಮಾತು ಸೂರ್ಯನಿಗೆ ಸಲ್ಲುವುದು. ಧನುರ್ಧರರಾದ ನಮ್ಮ ವೀರರು ಉಪಕರಣವನ್ನು ಕಡೆಗಣಿಸಿದವರಲ್ಲ. ಬಿಲ್ಲಿನ ಹೆದೆಯ ಪೆಟ್ಟು ತಾಗದಂತೆ ಕೈಗೆ ಕಟ್ಟುವ ತೊಗಲಿಗೆ ‘ಗೋಧಾ’ ಎಂದೂ, ಬೆರಳಿನ ಕಾಪಿಗೆ ‘ಅಂಗುಲಿತ್ರ’ವೆಂದೂ ಹೆಸರುಗಳೇ ಇರುವುವು. ಅರ್ಜುನನು ಬೃಹನ್ನಳೆಯಾಗಿ ವಿರಾಟನ ಮನೆಗೆ ಹೋಗುವಾಗ ಹೆದೆಯ ಗಾಯದ ಕಲೆಗಳನ್ನು ಬಳೆಗಳಿಂದ ಮರೆಸಬೇಕಾಯಿತು. ಅಂಥವನ ಕೈಗೇ ಕಾಪು ಬೇಕಾದ ಮೇಲೆ ದಾಂಡೇಲಿಯ ಹುಡುಗನು ಅದನ್ನು ಕಟ್ಟಿಕೊಳ್ಳಲು ನಾಚಬೇಕಾದುದಿಲ್ಲ. ಈಗಿನ ಅಂಗಡಿಯವರು ಇದನ್ನು ರಿಸ್ಟ್ ಗಾರ್ಡ್ ಎನ್ನುವರು. ನಾವು ಕೈಗಾಪು ಎನ್ನೋಣ.

ಮೊದಲು ದಾಂಡೇಲಿಯಲ್ಲಿಯೇ ವಿಚಾರಿಸಿದೆವು. ಧಾರವಾಡದಿಂದ ಸುಮಾರು 55 ಕಿಲೋಮೀಟರು ದೂರದ ಈ ಊರು ಕಾಳಿಯ ದಡದ ಮೇಲಿದೆ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರಖಾನೆಯಿಂದ ಬೆಳೆದ ಊರಿದು. ಸುತ್ತಲಿನ ಅಭಯಾರಣ್ಯವು 1956ರದು. ಆ ಕಾಡನ್ನೂ ಅಣಶಿಯ ಕಾಡನ್ನೂ ಸೇರಿಸಿ 2007ರಲ್ಲಿ ಹುಲಿಗಳ ರಕ್ಷಿತ ಪ್ರದೇಶವನ್ನಾಗಿ ಮಾಡಿದರು. 2015ರಿಂದ ಅದಕ್ಕೆ ಕಾಳಿಯ ಹೆಸರೇ ಬಂದಿದೆ. ನಮಗೆ ಬೇಕಾದದ್ದು ಮಾತ್ರ ಇಲ್ಲಿನ ವೈದ್ಯರೊಬ್ಬರ ಮಾತು. ಮಗಳು ಔಷಧದ ಅಂಗಡಿಯಿಂದ ತಂದಿದ್ದ ಹಿಗ್ಗುವ ಬಟ್ಟೆಯ ಪಟ್ಟಿಯನ್ನು ಹುಡುಗನ ಕೈಗೆ ತೊಡಿಸಿ ಅವರಿಗೆ ತೋರಿಸಿದೆವು. ವೈದ್ಯರು ಒಂದೇ ಬೆರಳಿನಿಂದ ಅವನ ಅಂಗೈಯನ್ನು ಹಿಂದಕ್ಕೆ ಒತ್ತಿದರು. ಪಟ್ಟಿಯಿದ್ದರೂ ಕೈ ಪೂರಾ ಹಿಂದಕ್ಕೆ ಬಾಗಿತು. “ಇದು ನೋವಿಗೆ ಬೆಚ್ಚಗಿರತದ, ಅಷ್ಟ. ಬಿದ್ದಾಗ ಇದರಿಂದೇನೂ ಆಗೂದಿಲ್ಲ” ಎಂದರು.

ಅವರು ವಿವರಿಸಿದ್ದು ಹೀಗೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿರುವುವು. ಅವುಗಳ ಹಿಂದೆ ಮುಂಗೈಯ ಎರಡು ಉದ್ದ ಮೂಳೆಗಳು. ಬೀಳುವವನು ಕೈ ಚಾಚಿದಾಗ ಅಂಗೈ ನೆಲಕ್ಕೆ ಕಚ್ಚಿಕೊಂಡು, ಮೈಯ ಭಾರವೆಲ್ಲ ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಬರುವುದು. ಆಗ ಹೆಬ್ಬೆರಳ ಬದಿಯ ಉದ್ದ ಮೂಳೆಯು ತುದಿಯಲ್ಲಿ ಮುರಿಯುವುದು. ಇದನ್ನು ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಎಂಬ ಶಸ್ತ್ರವೈದ್ಯನು 1814ರಲ್ಲಿಯೇ ವರ್ಣಿಸಿದ್ದನಂತೆ. ಕ್ಷಕಿರಣದ ಯಂತ್ರವು ಹುಟ್ಟಲು ಆಗ ಇನ್ನೂ ಎಂಬತ್ತು ವರ್ಷಗಳಿದ್ದುವು. ಎಂಟು ಸಣ್ಣ ಮೂಳೆಗಳಲ್ಲಿ ದೋಣಿಯ ಆಕಾರದ್ದೊಂದು ಹೆಬ್ಬೆರಳ ಬುಡದಲ್ಲಿದೆ. ಅದು ಬಿರುಕುಬಿಟ್ಟರೆ ಮೊದಲ ದಿನದ ಕ್ಷಕಿರಣದ ಚಿತ್ರದಲ್ಲಿ ಕಾಣದೆ ಹೋಗುವುದುಂಟು. ಅದಕ್ಕೆ ರಕ್ತವು ತುದಿಯ ಕಡೆಯಿಂದ ಬರುವುದಾದುದರಿಂದ, ಅಲಕ್ಷಿಸಿದರೆ ಕೂಡದೆ ಉಳಿದು ಮುಂದೆ ಕೈಯ ಬಲವನ್ನೇ ಕುಂದಿಸುವುದು. ಬಿದ್ದ ಮೇಲೆ ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದರೆ ನೋವಿದ್ದರೆ, ಚಿತ್ರದಲ್ಲಿ ಏನೂ ಕಾಣದಿದ್ದರೂ, ಹತ್ತು ಹದಿನೈದು ದಿನಕ್ಕೆ ಮತ್ತೆ ತೋರಿಸತಕ್ಕದ್ದು. ಗೃಹಿಣಿಯರು ಇದನ್ನು ನೆನಪಿನಲ್ಲಿಡಲಿ.

ಕೈಗಾಪಿನಿಂದ ಪ್ರಯೋಜನವುಂಟೇ ಎಂದು ಮಗಳು ಕೇಳಿದಳು. ಉಂಟೆಂದರು. ಒಂಟಿಗಾಲಿಗೆ ಹತ್ತಿರದ ಆಟವೆಂದರೆ ಕಾಲಿಗೆ ಗಾಲಿ ಕಟ್ಟಿ ಓಡುವ ಸ್ಕೇಟಿಂಗು. ಆ ಆಟದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದವರನ್ನು ವಿಚಾರಿಸಿ ಅಮೆರಿಕದ ವೈದ್ಯರು 1996ರಲ್ಲಿ ಪ್ರಕಟಿಸಿದ ಲೆಕ್ಕದ ಮೇರೆಗೆ, ಕೈಗಾಪು ತೊಡದವರಲ್ಲಿ ಮಣಿಕಟ್ಟಿನ ಪೆಟ್ಟಿನ ಸಂಭವವು ತೊಟ್ಟವರಿಗಿಂತ ಹತ್ತು ಪಟ್ಟಿಗೂ ಮಿಗಿಲಾಗಿತ್ತು. ಆದರೆ ವೈದ್ಯರು ಇನ್ನೊಂದು ಮಾತನ್ನೂ ಹೇಳಿದರು: ಬಿರುಸಾದ ಕೈಗಾಪಿನ ಮೇಲಂಚಿನಲ್ಲಿಯೇ ಮುಂಗೈಯ ಮೂಳೆ ಮುರಿದ ನಿದರ್ಶನಗಳೂ ಉಂಟು. “ಕಾಪು ಅರ್ಧ ಕೆಲಸ ಮಾಡತದ. ಉಳಿದರ್ಧ ಬೀಳೂದನ್ನ ಕಲಿಯೂದು” ಎಂಬುದು ಅವರ ಅಭಿಪ್ರಾಯ.

ಬೀಳುವುದನ್ನು ಕಲಿಸುವವರಾರು? ಇದಕ್ಕೆ ಹಳಿಯಾಳಕ್ಕೆ ಹೋಗಬೇಕೆಂದು ನಮಗೆ ತೋಚಿತು. ಮರುದಿನ ಹುಡುಗನನ್ನು ಕರೆದುಕೊಂಡು ಬಸ್ಸು ಹತ್ತಿದೆವು. ದಾಂಡೇಲಿಯ ಸಾಗವಾನಿಯ ನೆರಳು ಹಿಂದಾಗಿ, ಭತ್ತ ಕಬ್ಬು ಗೋವಿನಜೋಳಗಳ ಹೊಲಗಳು ಮುಂದೆ ಬಂದುವು. ಹಳಿಯಾಳವು ಕುಸ್ತಿಗೆ ಹೆಸರಾದ ಊರು. ಇಲ್ಲಿಯ ಮಣ್ಣಿನಲ್ಲಿ ಪಳಗಿದ ಹುಡುಗರೂ ಹುಡುಗಿಯರೂ ರಾಜ್ಯದ ಹೊರಗೂ ಹೋಗಿ ಸೆಣಸಿ ಬಂದಿರುವರು. ಗರಡಿಯೊಂದರಲ್ಲಿ ವಯಸ್ಸಾದ ವಸ್ತಾದರೊಬ್ಬರು ಚಿಕ್ಕ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದರು. ಕೆಮ್ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ ಮಜ್ಜಿಗೆ ಕೂಡಿಸಿ ಮೆತ್ತಗೆ ಮಾಡಿದ್ದರು. ನಮ್ಮ ಸಂಗತಿಯನ್ನು ಕೇಳಿ ಅವರು ನಗಲಿಲ್ಲ. “ಮಾಸ್ತರ, ನಮ್ಮಲ್ಲಿ ಹೊಸಾ ಹುಡುಗಗ ಮೊದಲ ಎತ್ತಿ ಒಗೀಲಿಕ್ಕೆ ಕಲಿಸೂದಿಲ್ಲ. ಬೀಳಾಕ ಕಲಸ್ತೀವಿ” ಎಂದರು.

ಬಳಿಕ ಹುಡುಗನನ್ನು ಮಣ್ಣಿಗಿಳಿಸಿ ತೋರಿಸಿದರು. ಕೈಯನ್ನು ಗೂಟದಂತೆ ನೆಟ್ಟಗೆ ಚಾಚಬಾರದು; ಮೊಣಕೈ ಸ್ವಲ್ಪ ಮಣಿದಿರಬೇಕು. ಗದ್ದವನ್ನು ಎದೆಗೆ ಒತ್ತಬೇಕು. ನೆಲ ಮುಟ್ಟಿದೊಡನೆ ಎದುರಿಸಿ ನಿಲ್ಲದೆ, ಮುಂಗೈಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ ಭಾರವನ್ನು ಹೊರಳಿಸಿಬಿಡಬೇಕು. ಹುಡುಗನು ಮೊದಲ ಮೂರು ಸಲ ಗೂಟವನ್ನೇ ನೆಟ್ಟನು. ನಾಲ್ಕನೆಯ ಸಲ ಉರುಳಿದನು. ಇಪ್ಪತ್ತು ಸಲ ಆದ ಮೇಲೆ ಮೈಯೆಲ್ಲ ಕೆಂಪಾಗಿ ಎದ್ದು ನಿಂತನು. ಶ್ರಾವಣದಿಂದೀಚೆಗೆ ಅವನ ಮುಖದ ಮೇಲೆ ಅಂಥ ನಗೆಯನ್ನು ಕಂಡಿರಲಿಲ್ಲವೆಂದು ಮಗಳು ಆಮೇಲೆ ಹೇಳಿದಳು. ಹೊರಡುವಾಗ ವಸ್ತಾದರು, ಮಣ್ಣಿನಲ್ಲಿ ಕಲಿತದ್ದು ಡಾಂಬರಿನ ಮೇಲೆ ನೆನಪಿಗೆ ಬರಬೇಕಾದರೆ ದಿನಾ ಹತ್ತು ಸಲ ಹಾಸಿಗೆಯ ಮೇಲಾದರೂ ಉರುಳಬೇಕೆಂದು ಎಚ್ಚರಿಸಿದರು.

ಮೂರನೆಯ ದಿನ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಹೋದೆವು. ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ಎಂದೇ ಹೆಸರು. ಕಾಳಿಯು ಇದೇ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಸಮುದ್ರವನ್ನು ಸೇರುವುದು. 1987ರಲ್ಲಿ ಮುಗಿದ, 101 ಮೀಟರು ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ, ಹೆಸರು ಮಾತ್ರ ಅಣೆಕಟ್ಟಿಗೆ ಉಳಿದಿದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಬಂಡೆಗಳ ನಡುವೆ ಹೊಳೆಯು ನೊರೆಗರೆದು ಧುಮುಕುವುದು. ಆ ಸೆಳವಿನಲ್ಲಿ ಗಾಳಿ ತುಂಬಿದ ರಬ್ಬರಿನ ದೋಣಿಗಳನ್ನು ಇಳಿಸಿ, ದೂರದೂರದ ಊರುಗಳಿಂದ ಬಂದವರನ್ನು ಕುಳ್ಳಿರಿಸಿ ನಡೆಸುವುದು ಈಗಿಲ್ಲಿ ಅನೇಕರ ಜೀವನೋಪಾಯವಾಗಿದೆ.

ನಾವು ದೋಣಿ ಹತ್ತಲಿಲ್ಲ. ದಡದಲ್ಲಿ ನಿಂತು ನೋಡಿದೆವು. ದೋಣಿ ನಡೆಸುವ ತರುಣನು ಒಬ್ಬೊಬ್ಬರಿಗೂ ತೇಲುವ ಅಂಗಿಯನ್ನು ತೊಡಿಸಿ, ಪಟ್ಟಿಗಳನ್ನು ಎಳೆದು, ಆಮೇಲೆ ಎರಡೂ ಭುಜಗಳನ್ನು ಹಿಡಿದು ಮೇಲಕ್ಕೆ ಜಗ್ಗುತ್ತಿದ್ದನು. ಅಂಗಿಯು ಕಿವಿಯವರೆಗೆ ಬಂದರೆ ಬಿಚ್ಚಿಸಿ ಚಿಕ್ಕದನ್ನು ಕೊಡುವನು. ಶಿರಸ್ತ್ರಾಣವನ್ನೂ ಹಿಂದೆ ಮುಂದೆ ನೂಕಿ ನೋಡುವನು. ಸ್ಥೂಲಕಾಯರೊಬ್ಬರು “ಇಷ್ಟು ಬಿಗಿ ಯಾಕಪ್ಪಾ?” ಎಂದು ಗೊಣಗಿದರು. “ಸಡಿಲಿದ್ರೆ ನೀರೊಳಗೆ ಅಂಗಿ ಮ್ಯಾಲೆ ಇರ್ತದೆ ಸರ್, ನೀವು ಕೆಳಗೆ ಇರ್ತೀರಿ” ಎಂದನು ಅವನು. ಆ ಮಾತನ್ನು ನಾವು ಮನಸ್ಸಿನಲ್ಲಿ ಬರೆದುಕೊಂಡೆವು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಏನನ್ನು ಕೊಂಡರೂ, ಬೆಳೆಯುವ ಹುಡುಗ, ಎರಡಂಗುಲ ದೊಡ್ಡದಿರಲಿ ಎನ್ನುವುದು ರೂಢಿ. ಲಂಗ ಅಂಗಿಗಳಲ್ಲಿ ಇದು ಮಿತವ್ಯಯ. ಕಾಪಿನಲ್ಲಿ ಇದು ಅಪಾಯ. ಸಡಿಲಾದ ಕೈಗಾಪು ಬಿದ್ದ ಕ್ಷಣದಲ್ಲಿ ತಿರುಗಿಕೊಂಡು, ಕಾಯಬೇಕಾದ ಅಂಗೈಯನ್ನೇ ಬಯಲು ಮಾಡುವುದು.

ಉಳಿದದ್ದು ಮುಂಡಗೋಡ. ದಾಂಡೇಲಿಯಿಂದ ಯಲ್ಲಾಪುರದ ಮೇಲೆ ಹಾಯ್ದು ಅಲ್ಲಿಗೆ ಬಂದೆವು. ಹುಬ್ಬಳ್ಳಿಗೆ ಹೋಗಿ ಕೈಗಾಪನ್ನು ಕೊಳ್ಳಬೇಕೆಂದಿದ್ದ ನಮಗೆ ಅದು ದಾರಿಯೂ ಆಗಿತ್ತು. ಮುಂಡಗೋಡದ ಹತ್ತಿರ ಟಿಬೆಟಿಯರ ವಸತಿಯಿದೆ. ದೇಶ ಬಿಟ್ಟು ಬಂದ ಆ ಜನಕ್ಕೆ ಆಗಿನ ಮೈಸೂರು ಸರ್ಕಾರವು ಕೊಟ್ಟ ಜಮೀನಿನಲ್ಲಿ 1966ರಲ್ಲಿ ಇದು ನೆಲೆಗೊಂಡಿತು. ಲ್ಹಾಸಾದ ಸುತ್ತಮುತ್ತಲಿದ್ದ ಗಾಂಡೆನ್, ಡ್ರೆಪುಂಗ್ ಎಂಬ ಮಹಾವಿಹಾರಗಳು ಇಲ್ಲಿ ಮತ್ತೆ ಎದ್ದಿರುವುವು. ಗೋವಿನಜೋಳದ ಹೊಲಗಳ ನಡುವೆ ಬಂಗಾರದ ಬಣ್ಣದ ಶಿಖರಗಳನ್ನು ಕಂಡಾಗ ಪ್ರಯಾಣಿಕನು ಒಂದು ಗಳಿಗೆ ತಾನೆಲ್ಲಿರುವೆನೆಂಬುದನ್ನು ಮರೆಯುವನು.

ಬೌದ್ಧರಾದ ಇವರಲ್ಲಿ ದೀರ್ಘದಂಡ ನಮಸ್ಕಾರವು ದೊಡ್ಡ ಸಾಧನೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಹರಕೆ ಹೊತ್ತವರು ದೀಡನಮಸ್ಕಾರ ಹಾಕುವುದನ್ನು ವಾಚಕರು ನೋಡಿರಬಹುದು. ಇವರೂ ಜೋಡಿಸಿದ ಕೈಗಳನ್ನು ತಲೆ, ಕಂಠ, ಹೃದಯಗಳಿಗೆ ಮುಟ್ಟಿಸಿ, ಕೆಳಗೆ ಬಾಗಿ, ಅಂಗೈಗಳನ್ನು ನೆಲದ ಮೇಲೆ ಮುಂದಕ್ಕೆ ಜಾರಿಸುತ್ತ ಮೈಯುದ್ದಕ್ಕೂ ಚಾಚಿ, ಹಣೆಯನ್ನು ನೆಲಕ್ಕೆ ತಾಗಿಸಿ ಏಳುವರು. ಲಕ್ಷ ನಮಸ್ಕಾರಗಳ ಸಂಕಲ್ಪ ಮಾಡುವವರೂ ಉಂಟು. ಅಷ್ಟು ಸಲ ಅಂಗೈಯನ್ನು ನೆಲಕ್ಕೆ ಒರಸಿದರೆ ಚರ್ಮ ಉಳಿಯದು. ಆದುದರಿಂದ ನುಣುಪಾದ ಹಲಗೆಯ ಮೇಲೆ ನಮಸ್ಕರಿಸುವವರು ಅಂಗೈಯ ಕೆಳಗೆ ಬಟ್ಟೆಯ ಮೆತ್ತೆಯನ್ನಿಟ್ಟುಕೊಳ್ಳುವರು. ಟಿಬೆಟಿನ ದಾರಿಯುದ್ದಕ್ಕೂ ನಮಸ್ಕರಿಸುತ್ತ ಹೋಗುವ ಯಾತ್ರಿಕರು ಮರದ ಹಲಗೆಯ ತುಂಡುಗಳನ್ನು ಪಟ್ಟಿಯಿಂದ ಕೈಗಳಿಗೆ ಕಟ್ಟಿಕೊಳ್ಳುವರು. ಆ ಹಲಗೆಯ ಉಪಕಾರವು ಎರಡು ಬಗೆಯದು: ಕಲ್ಲು ಅಂಗೈಗೆ ನಾಟುವುದಿಲ್ಲ, ಕೈ ನೆಲಕ್ಕೆ ಕಚ್ಚಿಕೊಳ್ಳದೆ ಮುಂದೆ ಜಾರುವುದು.

ಕೈಗಾಪಿನ ತತ್ತ್ವವೂ ಇದೇ. ಕೈ ನಿಂತುಬಿಟ್ಟರೆ ಮೈಯ ವೇಗವೆಲ್ಲ ಮಣಿಕಟ್ಟಿನಲ್ಲಿ ತೀರಬೇಕು. ಕೈ ಜಾರಿದರೆ ಅದು ನೆಲದುದ್ದಕ್ಕೂ ಹಂಚಿಹೋಗುವುದು. ಹುಡುಗನಿಗೆ ಇದನ್ನು ಹೇಳಿದಾಗ ಅವನು ಕೇಳಿದನು: “ಹಂಗಾರ ಅಜ್ಜಾ, ಇದನ್ನ ಕಟ್ಟಿಕೊಂಡ್ರ ಬೀಳೂದಿಲ್ಲೇನು?” ಬೀಳುವೆ, ಆದರೆ ನಾಳೆ ಮತ್ತೆ ಏರಬಹುದು ಎಂದೆವು.

ಹುಬ್ಬಳ್ಳಿಯಲ್ಲಿ ಸ್ಕೇಟಿಂಗಿನ ಸಾಮಾನು ಮಾರುವ ಅಂಗಡಿಗೆ ಹೋಗಿ ಆರಿಸಿದ ಕ್ರಮವನ್ನು, ಬೇರೆ ಮನೆಗಳಿಗೂ ಉಪಯೋಗವಾದೀತೆಂದು, ಇಲ್ಲಿ ಹೇಳುವೆವು. ಮೊದಲನೆಯದಾಗಿ, ಅಂಗೈಯ ಕಡೆ ಗಟ್ಟಿಯಾದ, ನುಣುಪಾದ, ಹೊರಕ್ಕೆ ಸ್ವಲ್ಪ ಉಬ್ಬಿದ ಪಟ್ಟಿಯಿರಬೇಕು. ಒರಟು ಬಟ್ಟೆ ಇಲ್ಲವೆ ರಬ್ಬರಿನ ಅಂಗೈ ಜಾರುವುದಿಲ್ಲ. ಎರಡನೆಯದಾಗಿ, ಕೈಯ ಹಿಂಬದಿಯಲ್ಲಿಯೂ ಗಟ್ಟಿ ಪಟ್ಟಿಯಿದ್ದು, ಅಂಗೈಯನ್ನು ಹಿಂದಕ್ಕೆ ಒತ್ತಿದರೆ ತಡೆಯಬೇಕು. ದಾಂಡೇಲಿಯ ವೈದ್ಯರು ಮಾಡಿದ ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಿರಿ. ಮೂರನೆಯದಾಗಿ, ಪಟ್ಟಿಯು ಕಲ್ಲಿನಂತೆ ಬಿರುಸಾಗಿ ಬಹಳ ಗಿಡ್ಡವಾಗಿರಬಾರದು. ತುಸು ಬಳುಕುತ್ತ ಮುಂಗೈಯ ಮೇಲೆ ಕೆಲಮಟ್ಟಿಗೆ ದೂರ ಬಂದರೆ ಭಾರವು ಒಂದೇ ಅಂಚಿಗೆ ಬೀಳದು. ನಾಲ್ಕನೆಯದಾಗಿ, ಬೆರಳುಗಳು ಬಿಡುವಾಗಿರಬೇಕು; ಒಂಟಿಗಾಲಿಯ ಸವಾರನು ಏರುವಾಗ ಸೀಟಿನ ಮುಂಭಾಗವನ್ನು ಹಿಡಿಯಬೇಕಾಗುವುದು. ಐದನೆಯದಾಗಿ, ನೂಲಿನಿಂದ ಅಂಗೈಯ ಸುತ್ತಳತೆಯನ್ನೂ ಮಣಿಕಟ್ಟಿನ ಸುತ್ತಳತೆಯನ್ನೂ ಅಳೆದುಕೊಂಡು ಹೋಗಿ, ಪೊಟ್ಟಣದ ಮೇಲಿನ ಅಳತೆಗೆ ಹೋಲಿಸಿರಿ. ಕಟ್ಟಿದ ಮೇಲೆ ಜಗ್ಗಿದರೆ ತಿರುಗಬಾರದು. ಬೆರಳು ಜುಮ್ಮೆನ್ನಲೂ ಬಾರದು. ಯುರೋಪಿನ ‘ಇ.ಎನ್. 14120’ ಎಂಬ ಗುರುತು ಇದ್ದರೆ, ಗಾಲಿಯ ಆಟಗಳ ಕಾಪಿಗೆಂದು ಗೊತ್ತುಮಾಡಿದ ಪರೀಕ್ಷೆಗೆ ಅದು ಒಳಗಾಗಿದೆಯೆಂದು ತಿಳಿಯಬಹುದು.

ನಾಟಿ ವೈದ್ಯರು ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟುವುದನ್ನು ಈ ಸೀಮೆಯವರು ಬಲ್ಲರು. ಕೈಗಾಪೆಂದರೆ ಮುರಿಯುವ ಮೊದಲೇ ಕಟ್ಟಿಕೊಂಡ ದಬ್ಬೆ, ಅಷ್ಟೆ. ಆದರೆ ಅದೊಂದೇ ಸಾಲದು. ತಲೆಗೆ ಶಿರಸ್ತ್ರಾಣ, ಮೊಣಕಾಲಿಗೆ ಮೆತ್ತೆ ಬೇಕು; ತಪ್ಪಿದ ಪೆಡಲು ಕಾಲಿನ ಮುಂಭಾಗಕ್ಕೆ ಬಡಿಯುವುದರಿಂದ ಅಲ್ಲಿಗೂ ಒಂದು ತಡೆ ಒಳ್ಳೆಯದು. ಬೂಟಿನ ದಾರವನ್ನು ಒಳಕ್ಕೆ ಸಿಕ್ಕಿಸಬೇಕು. ಗೋಡೆಯನ್ನೋ ಬೇಲಿಯನ್ನೋ ಹಿಡಿದು, ಜಲ್ಲಿಯಿಲ್ಲದ ಸಮನೆಲದಲ್ಲಿ ಕಲಿಯಬೇಕು. ಈ ಸೀಮೆಯ ಮಳೆಗಾಲದಲ್ಲಿ ಕೆಸರು ಅಂಟುಪಟ್ಟಿಯ ಮುಳ್ಳುಗಳಲ್ಲಿ ತುಂಬಿಕೊಂಡು ಹಿಡಿತ ತಪ್ಪುವುದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೆರಳಿನಲ್ಲಿ ಒಣಗಿಸಬೇಕು. ದೊಡ್ಡ ಪೆಟ್ಟು ತಿಂದು ಬಿರಿದ ಪಟ್ಟಿಯನ್ನು ಹೊಲಿದು ಬಳಸಕೂಡದು.

ನಾವು ತಂದ ಜೋಡಿಯನ್ನು ಮಗಳು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ತನ್ನ ಕೈಗೇ ತೊಟ್ಟು ಅಂಗೈಯನ್ನು ಗೋಡೆಗೆ ಒತ್ತಿದಳು. ಆಮೇಲೆ ಮೂರು ಕಟ್ಟಳೆ ಹಾಕಿದಳು: ತಾನು ಮನೆಯಲ್ಲಿರುವಾಗ ಮಾತ್ರ ಏರುವುದು, ಕಾಪನ್ನು ತಾನೇ ಕಟ್ಟುವುದು, ಬೆಳಿಗ್ಗೆ ಹತ್ತು ಸಲ ಹಾಸಿಗೆಯ ಮೇಲೆ ಉರುಳದಿದ್ದರೆ ಆ ದಿನ ಸವಾರಿಯಿಲ್ಲ. ಹುಡುಗನು ಮೂರಕ್ಕೂ ಒಪ್ಪಿದನು. ಈಚಿನ ಕಾಗದದಲ್ಲಿ, ಹಿತ್ತಲಿನ ಹುಣಸೆಯ ಮರದಿಂದ ಬಾವಿಯ ಕಟ್ಟೆಯವರೆಗೆ ಯಾರನ್ನೂ ಹಿಡಿಯದೆ ಬಂದನೆಂದೂ, ಆ ವಾರ ಎರಡು ಸಲ ಬಿದ್ದನೆಂದೂ, ಪಟ್ಟಿಯ ಮೇಲೆ ಗೀರುಗಳಾಗಿವೆ, ಕೈ ನೆಟ್ಟಗಿದೆಯೆಂದೂ ಅವಳೇ ಬರೆದಿದ್ದಾಳೆ. ಅಕ್ಷರಗಳು ಅವಳವು, ಕೆಳಗೆ ಬಲಗೈಯಿಂದ ಬರೆದ ಎರಡು ಸಾಲು ಹುಡುಗನದು.

ಆಟವನ್ನು ಬಿಡಿಸಿದರೆ ಮಗು ಬೀಳದೆ ಉಳಿಯುವುದೆಂದು ಹೇಳಬರುವುದಿಲ್ಲ. ಬಚ್ಚಲು, ಮೆಟ್ಟಿಲು, ಮಾವಿನ ಮರ ಎಲ್ಲವೂ ಬೀಳಿಸತಕ್ಕವೇ. ನಮ್ಮ ಕೈಯಲ್ಲಿರುವುದು ಬೀಳುವ ಬಗೆಯನ್ನು ಕಲಿಸುವುದು, ಬಿದ್ದಾಗ ಮುರಿಯದಂತೆ ಕಟ್ಟುವುದು. ಮನೆಯಲ್ಲಿ ಗಾಲಿಯ ಆಟವಾಡುವ ಮಕ್ಕಳಿದ್ದರೆ ವಾಚಕರು ಇಂದೇ ಒಂದು ನೂಲು ತೆಗೆದುಕೊಂಡು ಅವರ ಮಣಿಕಟ್ಟನ್ನು ಅಳೆಯಲಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಲಿ. ಮಕ್ಕಳ ಕೈ ಬೆಳೆಯುವುದು, ಕಾಪು ಬೆಳೆಯುವುದಿಲ್ಲ.